ಎಡಗಡೆಯ ಪುಟ

ಮಾರ್ಚ್ 4

ಪ್ರೀತಿಯ ಸ್ಟೆನಕ್ಕನಿಗೆ,

ಎರಡು ವರ್ಷ ಒಂದು ಸಾಲೂ ಬರೆಯದವಳು ಈಗ ಕೆಲಸ ಬಿದ್ದಾಗ ಬರೆಯುತ್ತಿದ್ದಾಳೆ ಎಂದು ಬೈದುಕೊಳ್ಳಿ, ಬೈದುಕೊಂಡೇ ಓದಿ. ಪೀಠದ ಮೇಲೆ ನನಗೆ ಇನ್ನು ಒಂಬತ್ತು ತಿಂಗಳು. ಆಮೇಲೆ ನಾನೂ ನಿಮ್ಮ ಹಾಗೆ ಮಂಡಿನೋವಿನ ಎಣ್ಣೆ ಹುಡುಕುವವಳು. ಹೋಗುವ ಮುನ್ನ ಒಂದು ಒಳ್ಳೆಯ ಕೆಲಸ ಕೈಗೆ ಬಂದಿದೆ. ಕೋರ್ಟಿನಲ್ಲಿ ಹೆಂಗಸರ ಸಾಕ್ಷ್ಯವನ್ನು ಹೇಗೆ ಬರೆದುಕೊಳ್ಳಬೇಕು ಎಂದು ಹೊಸ ನಿಯಮ ಮಾಡುವ ಸಮಿತಿ. ಅಧ್ಯಕ್ಷೆ ನಾನೇ. ವಕೀಲಳಾಗಿದ್ದಾಗ ಬೀದಿಯಲ್ಲಿ ಬೋರ್ಡು ಹಿಡಿದು ಕೇಳಿ ಲಾಠಿ ತಿಂದದ್ದನ್ನು ಈಗ ಕುರ್ಚಿಯಲ್ಲಿ ಕೂತು ಬರೆಸಬಹುದು.

ವರದಿಯ ಮೊದಲ ಉದಾಹರಣೆ ಯಾವುದು ಎಂದು ನಿಮಗೆ ಹೇಳಬೇಕಾಗಿಲ್ಲ. ಹೊಲಿಗೆಯವಳ ಕೇಸು. ನಾನು ಜಡ್ಜಾಗಿ ಎರಡು ತಿಂಗಳೂ ಆಗಿರಲಿಲ್ಲ. ಬಟ್ಟೆ ಕಾರ್ಖಾನೆಯ ಸೂಪರ್‌ವೈಸರ್ ಅವಳನ್ನು ಮಧ್ಯಾಹ್ನ ದಾರದ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡದ್ದು, ಅವಳು ಕೈ ಊದಿಕೊಳ್ಳುವ ತನಕ ಬಾಗಿಲು ಗುದ್ದಿದ್ದು. ನನ್ನ ಕಿವಿಯಾರೆ ಕೇಳಿ ಅವನಿಗೆ ಏಳು ವರ್ಷ ಹಾಕಿದೆ. ಮೇಲ್ಮನವಿ ಕೋರ್ಟಿನ ಆ ಮಹಾಶಯರು ಅವನನ್ನು ಬಿಟ್ಟರು. ಬಾಗಿಲು ಗುದ್ದಿದ್ದಾಗಿ ದಾಖಲೆಯಲ್ಲೇ ಇಲ್ಲ, ಡಾಕ್ಟರು ಕಂಡ ಊತ ಮಿಷನ್ ಕೆಲಸದ್ದೂ ಇರಬಹುದು, ‘ವಿಚಾರಣಾ ನ್ಯಾಯಾಧೀಶೆಯು ಹೆಣ್ಣುಸಹಜ ಮರುಕಕ್ಕೆ ಒಳಗಾಗಿ ಇಲ್ಲದ್ದನ್ನು ಕಲ್ಪಿಸಿಕೊಂಡಿದ್ದಾರೆ’ ಎಂದು ಬರೆದರು. ಇಪ್ಪತ್ತೆಂಟು ವರ್ಷವಾಯಿತು, ಆ ಸಾಲು ನನಗೆ ಬಾಯಿಪಾಠ. ವಕೀಲರ ಬಾರ್ ರೂಮಿನಲ್ಲಿ ಅದನ್ನು ಓದಿ ಓದಿ ನಕ್ಕವರ ಮುಖಗಳೂ ನೆನಪಿವೆ.

ನಾನು ಕಲ್ಪಿಸಿಕೊಂಡದ್ದಲ್ಲ. ಅವಳ ಸಾಕ್ಷ್ಯದ ಆ ಪುಟವನ್ನು, ಫೈಲು ಮೇಲಿನ ಕೋರ್ಟಿಗೆ ಹೋಗುವಾಗ ಯಾರೋ ಕಿತ್ತಿದ್ದಾರೆ. ನಿಮ್ಮ ಶಾರ್ಟ್‌ಹ್ಯಾಂಡ್ ಪುಸ್ತಕಗಳನ್ನು ನೀವು ಬಿಸಾಡಿದವರಲ್ಲ, ಹಸಿರು ರಟ್ಟಿನವು, ಬೀರುವಿನ ಕೆಳಗಿನ ಅರೆಯಲ್ಲಿ ಜೋಡಿಸಿಟ್ಟಿದ್ದಿರಿ. ಆ ಕೇಸಿನದ್ದನ್ನು ಹುಡುಕಿ ಕಳಿಸಿಕೊಡಿ. ಅವರ ಮುಖಕ್ಕೆ ಹಿಡಿಯುತ್ತೇನೆ.

ನಿಮ್ಮ ಕಿರಿಕಿರಿಯ ಮೇಡಂ


ಮಾರ್ಚ್ 19

ಮಾನ್ಯ ಮೇಡಂ ಅವರಿಗೆ,

ತಮ್ಮ ಪತ್ರ ಬಂದು ಹತ್ತು ದಿನವಾಯಿತು. ಸಮಿತಿಯ ಸುದ್ದಿಯನ್ನು ಪಕ್ಕದ ಮನೆಯವರಿಗೆಲ್ಲ ಹೇಳಿ ಬಂದೆ. ನಾವು ಆ ಹಳೇ ಕೋರ್ಟಿನಲ್ಲಿ ತಮ್ಮ ಚೇಂಬರಿನ ಒಡೆದ ಕಿಟಕಿಗೆ ಕ್ಯಾಲೆಂಡರು ಅಂಟಿಸಿದ್ದನ್ನು ನೆನೆದರೆ ನಂಬುವುದಕ್ಕೇ ಆಗುವುದಿಲ್ಲ.

ಪುಸ್ತಕದ ವಿಷಯ. ಮೇಡಂ, ಆ ಪುಸ್ತಕಗಳಿಗೆ ಗೆದ್ದಲು ಹಿಡಿದಿತ್ತು. ಕೆಲವನ್ನು ಸುಟ್ಟೆವು. ಆ ವರ್ಷದ್ದು ಅದರಲ್ಲಿ ಹೋಗಿರಬೇಕು. ಹುಡುಕುವುದಕ್ಕೆ ಬಗ್ಗಿದರೆ ಮತ್ತೆ ಏಳುವುದಕ್ಕೆ ಯಾರಾದರೂ ಬೇಕು, ಹಾಗಾಗಿದೆ ನನ್ನ ಸ್ಥಿತಿ.

ತಪ್ಪು ತಿಳಿಯಬೇಡಿ, ಒಂದು ಮಾತು. ತಾವು ಎಷ್ಟೋ ದೊಡ್ಡ ದೊಡ್ಡ ತೀರ್ಪು ಕೊಟ್ಟಿದ್ದೀರಿ. ನರ್ಸುಗಳ ಹೆರಿಗೆ ರಜೆಯದ್ದು, ಗಂಡನ ಮನೆಯಿಂದ ಹೊರಹಾಕಿದವಳಿಗೆ ಅದೇ ಮನೆಯಲ್ಲಿ ಕೋಣೆ ಕೊಡಿಸಿದ್ದು. ಅವುಗಳಲ್ಲಿ ಒಂದನ್ನು ಮೊದಲ ಉದಾಹರಣೆ ಮಾಡಬಾರದೇ? ಸೋತ ಕೇಸನ್ನು ಯಾಕೆ ಕೆದಕುವುದು. ಹೊಲಿಗೆಯವಳು ಈಗ ನಮ್ಮ ಎರಡು ಬೀದಿ ಆಚೆ ಅಂಗಡಿ ಇಟ್ಟುಕೊಂಡಿದ್ದಾಳೆ. ಸ್ಕೂಲು ಮಕ್ಕಳ ಯೂನಿಫಾರಂ ಹೊಲಿಯುತ್ತಾಳೆ. ತನ್ನ ಪಾಡಿಗೆ ತಾನಿದ್ದಾಳೆ.

ಆರೋಗ್ಯ ನೋಡಿಕೊಳ್ಳಿ. ಊಟದ ಹೊತ್ತಿಗೆ ಫೈಲು ಓದುವ ಅಭ್ಯಾಸ ಈಗಲಾದರೂ ಬಿಡಿ.

ತಮ್ಮ ಸ್ಟೆನೋ


ಏಪ್ರಿಲ್ 2

ಸ್ಟೆನಕ್ಕ,

ಸಿಮೆಂಟು ನೆಲ, ಕಬ್ಬಿಣದ ಬೀರು, ವಾರಕ್ಕೊಮ್ಮೆ ಫಿನಾಯಿಲ್. ಆ ಮನೆಗೆ ಬಂದ ಗೆದ್ದಲಿಗೆ ನಾನು ಸನ್ಮಾನ ಮಾಡಬೇಕು. ನನ್ನೆದುರು ಇಷ್ಟು ವರ್ಷ ಎಷ್ಟು ಜನ ಸುಳ್ಳು ಹೇಳಿದ್ದಾರೆ ಗೊತ್ತಲ್ಲ. ನೀವು ಅದರಲ್ಲಿ ತೀರಾ ಕಚ್ಚಾ.

ನಿಮಗೆ ಭಯ, ನನಗೆ ಅರ್ಥವಾಗುತ್ತದೆ. ಪುಟ ಕಿತ್ತದ್ದು ಹೊರಬಂದರೆ ಟೈಪ್ ಮಾಡಿದವಳು ನೀವೇ ಎಂದು ನಿಮ್ಮನ್ನು ಕರೆದು ಕೇಳುತ್ತಾರೆ ಎಂದಲ್ಲವೇ? ಯಾರೂ ನಿಮ್ಮ ತಂಟೆಗೆ ಬರದ ಹಾಗೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ.

ನಾನು ಕಾಯಲಿಲ್ಲ, ಹೇಳಿಬಿಟ್ಟೆ. ಕಳೆದ ವಾರ ವಕೀಲರ ಸಭೆ, ಆರುನೂರು ಜನ. ಒಬ್ಬ ಹೆಂಗಸಿನ ಮಾತನ್ನು ಮೇಲ್ಮನವಿ ಕೋರ್ಟಿನ ಗೋಡೆಗಳ ಒಳಗೆ ಕೊಂದರು, ಕೊಂದು ನನ್ನ ಮೇಲೆ ಮರುಕದ ಆರೋಪ ಹೊರಿಸಿದರು ಎಂದೆ. ಯಾರ ಹೆಸರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಮಾರನೇ ದಿನ ಪತ್ರಿಕೆಗಳಲ್ಲಿ ಬಂತು. ಆ ಮಹಾಶಯರಿಗೆ ಈಗ ಎಂಬತ್ತಾರು. ಅವರ ಮಗ ಫೋನ್ ಮಾಡಿ, ಅಪ್ಪ ಎರಡು ದಿನದಿಂದ ಊಟ ಬಿಟ್ಟಿದ್ದಾರೆ ಎಂದ. ಬಿಡಲಿ. ಇಪ್ಪತ್ತೆಂಟು ವರ್ಷ ನನ್ನ ಗಂಟಲಲ್ಲಿ ಸಿಕ್ಕಿಕೊಂಡದ್ದು ಎರಡು ದಿನ ಅವರ ಗಂಟಲಲ್ಲೂ ಇರಲಿ.

ಪುಸ್ತಕ ಕಳಿಸಿ. ಇದು ನನ್ನ ಮಾನದ ಪ್ರಶ್ನೆ, ಅವಳದ್ದೂ ಹೌದು.

ಮೇಡಂ


ಮೇ 11

ಮೇಡಂ ಅವರಿಗೆ,

ಗೆದ್ದಲು ಹಿಡಿದಿರಲಿಲ್ಲ. ಪುಸ್ತಕ ಇದೆ. ಮೊದಲೇ ಇತ್ತು. ಕಳಿಸಬಾರದು ಎಂದೇ ಇದ್ದೆ, ಹೋದ ವಾರ ಹೊಲಿಗೆಯವಳ ಮಗಳು ಮನೆಗೆ ಬರುವ ತನಕ.

ಹುಡುಗಿ ಕಾನೂನು ಓದುತ್ತಿದ್ದಾಳೆ, ಮೂರನೇ ವರ್ಷ. ಅವರ ಮೇಷ್ಟ್ರು ಕ್ಲಾಸಿನಲ್ಲಿ ಮೇಲ್ಮನವಿಯ ತೀರ್ಪು ಓದಿದರಂತೆ. ಹೆಸರಿಲ್ಲ, ಆದರೆ ತಾಯಿ ಕೆಲಸ ಮಾಡಿದ ಕಾರ್ಖಾನೆ, ಗುಂಡಿ ಹಚ್ಚುವ ವಿಭಾಗ, ದಾರದ ಕೋಣೆ ಎಲ್ಲ ಇದೆಯಲ್ಲ, ಅವಳಿಗೆ ಗೊತ್ತಾಗಿದೆ. ‘ತಾನು ಕೂಗಲಿಲ್ಲವೆಂದು ಸಾಕ್ಷಿ ಒಪ್ಪಿಕೊಂಡಿದ್ದಾರೆ. ನೋಡಿ, ಈ ಒಂದು ಸಾಲಿನಿಂದ ಕೇಸು ಬಿತ್ತು’ ಎಂದರಂತೆ. ಎಲ್ಲರೂ ಬರೆದುಕೊಂಡರು. ಅವಳೂ ಬರೆದುಕೊಂಡಳು. ಮನೆಗೆ ಬಂದು ತಾಯಿಯನ್ನು ಕೇಳಿದ್ದಾಳೆ: ‘ಅಮ್ಮಾ, ನೀನ್ಯಾಕೆ ಕೂಗ್ಲಿಲ್ಲ?’

ಅವಳ ಅಮ್ಮ ಅವತ್ತಿನಿಂದ ಅವಳ ಹತ್ತಿರ ಮಾತು ಬಿಟ್ಟಿದ್ದಾಳೆ. ನಾನು ಆ ಕೋರ್ಟಿನ ಸ್ಟೆನೋ ಆಗಿದ್ದೆ ಎಂದು ಬೀದಿಯವರಿಂದ ತಿಳಿದು ಬಂದ ಹುಡುಗಿ ನನ್ನ ಮುಂದೆ ಕೂತು, ‘ನೀವು ಅಲ್ಲೇ ಇದ್ರಲ್ಲ ಅಜ್ಜಿ, ಅಮ್ಮ ನಿಜವಾಗ್ಲೂ ಏನು ಹೇಳಿದ್ಲು?’ ಎಂದು ಕೇಳಿದಳು. ನಾನು ಟೀ ಮಾಡುವ ನೆಪದಲ್ಲಿ ಒಳಗೆ ಹೋದೆ. ಹೋಗಿ ಬೀರು ತೆಗೆದೆ.

ಈಗ ನೀವು ಕೇಳಿ. ನೀವು ಬಂದ ಹೊಸತರಲ್ಲಿ ಸಾಕ್ಷಿ ಮಾತು ಮುಗಿಸುವ ಮೊದಲೇ ‘ಏನಂದ್ಲು?’ ಎಂದು ನನ್ನ ಕಡೆ ತಿರುಗುತ್ತಿದ್ದಿರಿ. ಅದಕ್ಕೇ ನಾನೊಂದು ಅಭ್ಯಾಸ ಮಾಡಿಕೊಂಡೆ. ಪುಸ್ತಕದ ಎಡಗಡೆಯ ಪುಟದಲ್ಲಿ ಸಾಕ್ಷಿ ಹೇಳಿದ ಹಾಗೇ, ಬಲಗಡೆಯಲ್ಲಿ ನೀವು ಹೇಳಿ ಬರೆಸಿದ್ದು. ಟೈಪ್ ಆಗಿ ಫೈಲಿಗೆ ಹೋಗುವುದು ಬಲಗಡೆಯದ್ದು ಮಾತ್ರ. ಇದು ನಿಮಗೆ ಗೊತ್ತಿರಲಿಲ್ಲ.

ಅವತ್ತು ಆರೋಪಿಯ ವಕೀಲ ಕೇಳಿದ್ದು ‘ಕೂಗಿದ್ರೋ ಇಲ್ವೋ’ ಅಂತ. ಎಡಗಡೆ ಹೀಗಿದೆ:

‘ಕೂಗ್ಲಿಲ್ಲ. ಹೊರಗೆ ನೂರು ಮಿಷನ್ ಓಡ್ತಿದ್ವು, ಕೂಗಿದ್ರೆ ಯಾರಿಗೆ ಕೇಳುತ್ತೆ? ಬಾಗ್ಲು ಗುದ್ದಿದೆ. ಎರಡೂ ಕೈಯಲ್ಲಿ ಗುದ್ದಿದೆ, ಈ ಕೈ ಊದ್ಕೊಳ್ತು. ಕೈಗೆ ಕತ್ತರಿ ಸಿಕ್ತು, ಅವ್ನ ಮೇಲೆ ಎಸೆದೆ. ತಪ್ಪಿಸ್ಕೊಂಡ.’

ಅಷ್ಟರಲ್ಲಿ ನೀವು ‘ಕೇಳಿದ್ದಕ್ಕಷ್ಟೇ ಉತ್ತರ ಹೇಳಮ್ಮ’ ಎಂದಿರಿ. ಅದೂ ಎಡಗಡೆ ಇದೆ. ಬಲಗಡೆ ಇರುವುದು ಒಂದೇ ಸಾಲು:

‘ತಾನು ಕೂಗಲಿಲ್ಲವೆಂದು ಸಾಕ್ಷಿ ಒಪ್ಪಿಕೊಂಡರು.’

ಯಾರೂ ಪುಟ ಕಿತ್ತಿಲ್ಲ. ಕಿತ್ತುಕೊಳ್ಳುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ನೀವು ಕೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ತೀರ್ಪು ಬರೆದಿರಿ, ಬರೆಸಿದ್ದೇನು ಎಂದು ತಿರುಗಿ ನೋಡಲಿಲ್ಲ. ಎರಡು ಪುಟದ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ, ಪಕ್ಕದಲ್ಲಿ ಓದುವ ಹಾಗೆ ಬಿಡಿಸಿ ಬರೆದಿದ್ದೇನೆ. ಮೂಲ ನನ್ನಲ್ಲೇ ಇರುತ್ತದೆ.

ಹುಡುಗಿಗೆ ಇನ್ನೂ ತೋರಿಸಿಲ್ಲ. ಮೊದಲು ನಿಮ್ಮಿಂದ ಬರಲಿ ಎಂದು ಕಾಯುತ್ತಿದ್ದೇನೆ.

ಸ್ಟೆನೋ


ಮೇ 20

ನಿವೃತ್ತ ಶೀಘ್ರಲಿಪಿಗಾರರಿಗೆ,

ನಿಮ್ಮ 11ನೇ ತಾರೀಖಿನ ಪತ್ರ ತಲುಪಿದೆ. ನ್ಯಾಯಾಲಯದ ಕೆಲಸದಲ್ಲಿ ಬಳಸಿದ ಟಿಪ್ಪಣಿ ಪುಸ್ತಕಗಳು ನ್ಯಾಯಾಲಯದ ಸ್ವತ್ತು. ಅವುಗಳನ್ನು ಮನೆಯಲ್ಲಿಟ್ಟುಕೊಳ್ಳುವುದು, ಹೊರಗಿನವರಿಗೆ ತೋರಿಸುವುದು ನಿಯಮಬಾಹಿರ. ‘ಎಡಗಡೆಯ ಪುಟ’ ಎಂದು ನೀವು ಹೇಳುವುದು ಯಾರೂ ಪರಿಶೀಲಿಸದ ಖಾಸಗಿ ಬರಹ. ಅದನ್ನು ಯಾವಾಗ ಬರೆದದ್ದು ಎಂದು ಈಗ ಯಾರೂ ಹೇಳಲಾರರು. ದಯವಿಟ್ಟು ಮೂಲ ಪುಸ್ತಕವನ್ನು ನನ್ನ ಕಚೇರಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿ.

ವರದಿಯ ಕರಡಿನಲ್ಲಿ ಆ ಪ್ರಕರಣವನ್ನು ಕೈಬಿಡಲಾಗಿದೆ.

ಅಧ್ಯಕ್ಷೆ


ಜೂನ್ 2

ಮೇಡಂ,

ವಯಸ್ಸಿನಲ್ಲಿ ನಿನಗಿಂತ ಹನ್ನೊಂದು ವರ್ಷ ದೊಡ್ಡವಳು. ಹದಿನೇಳು ವರ್ಷ ನಿನ್ನ ಎದುರು ಕೂತು ಬರೆದಿದ್ದೇನೆ. ಇವತ್ತು ನೀನು ಎಂದೇ ಬರೆಯುತ್ತೇನೆ, ಬೇಕಾದರೆ ಅದಕ್ಕೂ ಒಂದು ನಿಯಮ ಹುಡುಕಿಕೊ.

ಪುಸ್ತಕ ಕಳಿಸುವುದಿಲ್ಲ. ಪೊಲೀಸರನ್ನು ಕಳಿಸು. ಬಂದವರಿಗೆ ಎಡಗಡೆಯ ಪುಟ ಓದಿ ಹೇಳುತ್ತೇನೆ.

ಯಾವಾಗ ಬರೆದದ್ದೋ ಎನ್ನುತ್ತೀಯಲ್ಲ. ಅಂದರೆ ನಾನು ಸುಳ್ಳಿ. ಅವಳನ್ನೂ ಮೇಲಿನ ಕೋರ್ಟಿನಲ್ಲಿ ಹೀಗೇ ಸುಳ್ಳಿ ಎಂದರು. ಊರ ಮುಂದೆ ಹೆಂಗಸರ ಪರ ಗಂಟಲು ಹರಿದುಕೊಳ್ಳುವ ನೀನು, ಹೆಂಗಸೊಬ್ಬಳು ನಿನಗೆ ಬೇಡದ ಮಾತು ಹೇಳಿದ ಕೂಡಲೇ ಆ ವಕೀಲನಾಗಿಬಿಟ್ಟೆಯಲ್ಲ. ನನಗೆ ಮೈಯೆಲ್ಲ ಉರಿಯುತ್ತಿದೆ.

ಯಾಕೆ ಹಾಗೆ ಬರೆಸಿದೆ ಎಂದು ನಿನಗೆ ಗೊತ್ತಿಲ್ಲದಿದ್ದರೆ ನಾನು ಹೇಳುತ್ತೇನೆ. ಹೆಂಗಸು ಜಡ್ಜು, ಹೆಂಗಸರನ್ನೇ ಎತ್ತಿ ಹಿಡಿಯುತ್ತಾಳೆ ಎಂದು ಬಾರ್ ರೂಮಿನಲ್ಲಿ ಆಡಿಕೊಳ್ಳುತ್ತಿದ್ದರು. ಅದು ನಿನ್ನ ಕಿವಿಗೆ ಬಿದ್ದಿತ್ತು. ಅವತ್ತಿನಿಂದ ಹೆಂಗಸು ಕಟಕಟೆ ಹತ್ತಿದರೆ ನೀನು ಬಿಗಿಯಾಗುತ್ತಿದ್ದೆ. ಗಂಡಸರ ಮಾತು ಪೂರ್ತಿ ಬರೆಸುತ್ತಿದ್ದೆ, ಹೆಂಗಸರದ್ದು ಕತ್ತರಿಸುತ್ತಿದ್ದೆ. ನನ್ನ ಪುಸ್ತಕಗಳಲ್ಲಿ ಎಡಗಡೆ ತುಂಬಿ ಬಲಗಡೆ ಖಾಲಿ ಇರುವ ಪುಟವೆಲ್ಲ ಹೆಂಗಸರದ್ದೇ. ಆ ನಗುವವರಿಗೆ ಹೆದರಿ ನೀನು ಅವರ ಕೆಲಸವನ್ನೇ ಮಾಡಿಕೊಟ್ಟೆ.

ನನ್ನದೂ ಒಂದಿದೆ. ಹೇಳದೆ ಇಷ್ಟು ವರ್ಷ ಉಂಡಿದ್ದೇನೆ, ಮಲಗಿದ್ದೇನೆ. ಟೈಪ್ ಆದ ಮೇಲೆ ಸಾಕ್ಷಿಗೆ ಓದಿ ಹೇಳಿ ಸಹಿ ಹಾಕಿಸುವುದು ನನ್ನ ಕೆಲಸ. ಓದಿದೆ. ಅವಳು ‘ನಾನು ಇಷ್ಟೇ ಅಲ್ವಲ್ಲ ಹೇಳಿದ್ದು’ ಎಂದಳು. ಐದೂಕಾಲು ಆಗಿತ್ತು, ನನ್ನ ಬಸ್ಸು ಐದೂವರೆಗೆ. ‘ಮುಖ್ಯವಾದದ್ದೆಲ್ಲ ಇದೆ, ಸಹಿ ಹಾಕಮ್ಮ’ ಎಂದೆ. ಹಾಕಿದಳು. ಬಸ್ಸು ಸಿಕ್ಕಿತು. ಅದಕ್ಕೇ ಗೆದ್ದಲಿನ ಕಥೆ ಕಟ್ಟಿದೆ, ನಿನ್ನನ್ನು ಕಾಪಾಡುವುದಕ್ಕಲ್ಲ.

ನಿನ್ನೆ ಹುಡುಗಿಗೆ ಎರಡೂ ಪುಟ ತೋರಿಸಿದೆ. ಓದಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ನನ್ನ ಮುಖ ನೋಡಲಿಲ್ಲ.

ಕೈಬಿಟ್ಟೆಯಂತೆ. ಸರಿ. ಎರಡನೇ ಸಲ.


ಆಗಸ್ಟ್ 27

ಸ್ಟೆನಕ್ಕನಿಗೆ,

ಹಾಗೆ ಕರೆಯಲು ಇನ್ನೂ ಹಕ್ಕಿದೆಯೋ ಇಲ್ಲವೋ ಗೊತ್ತಿಲ್ಲ. ನಿಮ್ಮ ಪತ್ರ ಓದಿ ಹರಿದು ಹಾಕಿದೆ. ಮಾರನೇ ದಿನ ಬುಟ್ಟಿಯಿಂದ ತೆಗೆದು ಅಂಟಿಸಿದೆ. ಆಮೇಲೆ ಒಂದು ತಿಂಗಳು ಎಲ್ಲರ ಮೇಲೂ ರೇಗಾಡಿದೆ. ಡ್ರೈವರು ರಜೆ ಹಾಕಿ ಹೋದ.

ಜುಲೈನಲ್ಲಿ ಆ ಫೈಲನ್ನು ರೆಕಾರ್ಡ್ ರೂಮಿನಿಂದ ತರಿಸಿದೆ. ಪುಟದ ಸಂಖ್ಯೆ ಒಂದೂ ತಪ್ಪಿಲ್ಲ. ಪ್ರತಿ ಪುಟದ ಕೆಳಗೂ ನನ್ನ ಸಹಿ ಇದೆ. ಕಾರ್ಖಾನೆಯ ಕಾವಲುಗಾರನ ಸಾಕ್ಷ್ಯ ಎರಡೂವರೆ ಪುಟ. ಅವತ್ತು ಅವನು ಎಷ್ಟು ಸಿಗರೇಟು ಸೇದಿದ, ಛತ್ರಿ ಎಲ್ಲಿ ಮರೆತ, ಎಲ್ಲವನ್ನೂ ಬರೆಸಿದ್ದೇನೆ. ಅವಳದ್ದು ಹನ್ನೊಂದು ಸಾಲು. ನನಗೆ ನನ್ನ ಮೇಲೇ ಎಷ್ಟು ಸಿಟ್ಟು ಬಂತೆಂದರೆ ಆ ಸಹಿಯನ್ನು ಉಗುರಿನಿಂದ ಕೆರೆದೆ. ಕ್ಲರ್ಕು ನೋಡಿ ಹೆದರಿದ.

ಮೇಲ್ಮನವಿಯ ತೀರ್ಪು ಬರೆದ ಆ ಮುದುಕರ ಮನೆಗೂ ಹೋಗಿದ್ದೆ. ಕ್ಷಮೆ ಕೇಳಿದೆ. ಅವರು ಕಿವಿಯ ಮಿಷನ್ ಸರಿಮಾಡಿಕೊಂಡು, ‘ದಾಖಲೆಯಲ್ಲಿ ಇರ್ಲಿಲ್ಲಮ್ಮ, ನಾನೇನು ಮಾಡ್ಲಿ?’ ಎಂದರು. ಮಾಡುವುದಿತ್ತು, ಅವಳನ್ನು ಕರೆಸಿ ಇನ್ನೊಮ್ಮೆ ಕೇಳಬಹುದಿತ್ತು ಎಂದೆ. ‘ಹೆಣ್ಣುಸಹಜ’ ಎಂದು ಬರೆದದ್ದನ್ನಾದರೂ ಹಿಂದೆ ತೆಗೆದುಕೊಳ್ಳಿ ಎಂದೆ. ಅದು ನೆನಪಿಲ್ಲ ಎಂದರು. ಕಾಫಿ ಕೊಟ್ಟರು, ಮುಟ್ಟದೆ ಬಂದೆ. ನನ್ನ ತಪ್ಪಿಗೆ ಅವರ ತಪ್ಪು ಮುಚ್ಚಿಹೋಗುವುದಿಲ್ಲ. ಅವರದ್ದರಿಂದ ನನ್ನದೂ ಮುಚ್ಚುವುದಿಲ್ಲ.

ವರದಿಯಲ್ಲಿ ಮೊದಲ ಉದಾಹರಣೆ ಆ ಕೇಸೇ. ತಪ್ಪು ಮಾಡಿದ ನ್ಯಾಯಾಧೀಶೆ ಎಂದು ನನ್ನ ಹೆಸರು, ಹುದ್ದೆ. ಸಮಿತಿಯ ಇಬ್ಬರು ಬೇಡವೆಂದರು, ಇದರಿಂದ ಹೆಣ್ಣು ನ್ಯಾಯಾಧೀಶರಿಗೇ ಕೆಟ್ಟ ಹೆಸರು ಎಂದರು. ಇಪ್ಪತ್ತೆಂಟು ವರ್ಷದ ಹಿಂದೆ ಇದೇ ಹೆಸರಿನ ಚಿಂತೆಯಲ್ಲಿ ಅವಳ ಬಾಯಿ ಮುಚ್ಚಿಸಿದ್ದೆ, ಇನ್ನು ಸಾಕು ಎಂದೆ. ನಿಯಮ ಸರಳ: ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ಓದಿ ಹೇಳಬೇಕು, ಅವಳು ತಿದ್ದಿದರೆ ಆ ತಿದ್ದುಪಡಿ ಅವಳ ಕೈಬರಹದಲ್ಲೇ ಉಳಿಯಬೇಕು. ಆ ಕೇಸು ಮತ್ತೆ ತೆರೆಯುವಂತಿಲ್ಲ. ಆ ಸೂಪರ್‌ವೈಸರ್ ಸತ್ತು ಆರು ವರ್ಷವಾಗಿದೆ, ವಿಚಾರಿಸಿದೆ. ಹಾಯಾಗಿ ಸತ್ತನಂತೆ.

ಅವಳ ಬಗ್ಗೆ ಬರೆದ ಪುಟ ಇದರ ಜೊತೆ ಇದೆ. ಅವಳಿಗೆ ಓದಿ ಹೇಳುವಿರಾ? ಒಪ್ಪಿದರೆ ಸಹಿ. ಒಪ್ಪದಿದ್ದರೆ ಹರಿದು ಹಾಕಲಿ. ನಾನೇ ಬರಬೇಕು ಎಂದರೆ ಬರುತ್ತೇನೆ, ಆದರೆ ಅವಳು ಕರೆದರೆ ಮಾತ್ರ.


ಸೆಪ್ಟೆಂಬರ್ 15

ಮೇಡಂ ಅವರಿಗೆ,

ನಿನ್ನೆ ಮಧ್ಯಾಹ್ನ ಹೋಗಿದ್ದೆ. ಅಂಗಡಿ ಎಂದರೆ ಹತ್ತು ಅಡಿಯ ಕೋಣೆ, ಎರಡು ಮಿಷನ್ನು, ಒಂದು ಗೋಡೆಯ ತುಂಬ ನೀಲಿ ಯೂನಿಫಾರಂ. ನಾನು ಯಾರು ಎಂದು ಅವಳಿಗೆ ಮೊದಲಿಂದಲೂ ಗೊತ್ತಂತೆ. ತರಕಾರಿ ಅಂಗಡಿಯಲ್ಲಿ ಎಷ್ಟೋ ಸಲ ಎದುರಾಗಿದ್ದೇವೆ, ಇಬ್ಬರೂ ಮುಖ ತಿರುಗಿಸಿದ್ದೇವೆ.

ಸಹಿ ಹಾಕು ಎಂದು ಅವಸರ ಮಾಡಿದ್ದಕ್ಕೆ ಕ್ಷಮಿಸು ಎಂದೆ. ‘ಬಸ್ಸು ಸಿಕ್ತಾ?’ ಎಂದು ಕೇಳಿದಳು. ಗಡಿಯಾರ ನೋಡಿಕೊಂಡದ್ದನ್ನು ಅವಳು ಮರೆತಿಲ್ಲ. ಸಿಕ್ಕಿತು ಎಂದೆ. ಮಿಷನ್ ನಿಲ್ಲಿಸಿ ‘ಓದಿ’ ಎಂದಳು.

ಓದಿದೆ. ಒಂದೊಂದು ಸಾಲಿಗೂ ನಿಂತು ಓದಿದೆ. ನೂರು ಮಿಷನ್, ಬಾಗಿಲು, ಕೈ, ಕತ್ತರಿ ಎಲ್ಲ ಬಂತು. ಅವಳ ಮಗಳು ಬಾಗಿಲ ಹತ್ತಿರ ನಿಂತಿದ್ದಳು. ಅವರಿಬ್ಬರೂ ಈಗ ಮಾತಾಡುತ್ತಾರೆ, ಹೆಚ್ಚೇನಿಲ್ಲ. ನಿಮ್ಮ ಹೆಸರು ಬಂದಾಗ ತಾಯಿ ಮೇಜಿನ ಮೇಲಿನ ಕತ್ತರಿಯನ್ನು ಪಕ್ಕಕ್ಕಿಟ್ಟಳು. ಕೊನೆಯಲ್ಲಿ ನೀವು ಬರೆದಿದ್ದಿರಲ್ಲ, ‘ಈ ಧೈರ್ಯವಂತ ಮಹಿಳೆ ಕಣ್ಣೀರಿನ ನಡುವೆಯೂ ಧೃತಿಗೆಡದೆ ಸಾಕ್ಷ್ಯ ನುಡಿದರು’ ಎಂದು, ಅಲ್ಲಿ ಕೈ ಎತ್ತಿ ನಿಲ್ಲಿಸಿದಳು.

‘ಕಣ್ಣೀರು ಯಾರು ಹಾಕಿದ್ದು?’

ನಾನು ಚೀಲದಿಂದ ಹಸಿರು ರಟ್ಟಿನ ಪುಸ್ತಕ ತೆಗೆದು ನೋಡಿದೆ. ಎಡಗಡೆ ಅಂಥದ್ದು ಏನೂ ಇಲ್ಲ. ಯಾರಾದರೂ ಅತ್ತರೆ ನಾನೊಂದು ಗುರುತು ಹಾಕುತ್ತಿದ್ದೆ, ಆ ಗುರುತೂ ಇಲ್ಲ.

‘ನಾನು ಅವತ್ತು ಅತ್ತಿಲ್ಲ’ ಎಂದಳು. ‘ಆಮೇಲೂ ಅತ್ತಿಲ್ಲ. ಆವಾಗ ಹೇಳಿದ್ದನ್ನ ತೆಗೆದು ಹಾಕಿದ್ರು, ಈಗ ಹೇಳದೇ ಇದ್ದದ್ದನ್ನ ಸೇರಿಸ್ತಾರಾ? ನಂಗೆ ಸಿಟ್ಟು ಬಂದಿತ್ತು. ಅವ್ನ ಮೇಲೆ, ಆ ವಕೀಲನ ಮೇಲೆ, ಅಲ್ಲಿ ಮೇಲೆ ಕೂತಿದ್ದವರ ಮೇಲೆ. ಈಗ್ಲೂ ಇದೆ.’

ಪೆನ್ನು ಕೊಡಿ ಎಂದಳು. ಕೊಟ್ಟೆ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಗದ ಹರಡಿ, ಅಳತೆಕೋಲು ಇಟ್ಟು, ನಿಮ್ಮ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಗೆರೆ ಎಳೆದಳು. ಅದರ ಮೇಲೆ ತನ್ನ ಕೈಯಲ್ಲೇ ಬರೆದಳು. ಮಗಳು ಹೇಳಿಕೊಡುವುದಕ್ಕೆ ಬಂದರೆ ‘ದೂರ ನಿಲ್ಲು’ ಎಂದಳು. ಆಮೇಲೆ ಇನ್ನೊಂದು ಸಲ ಮೊದಲಿಂದ ಓದಿಸಿಕೊಂಡಳು. ಸಹಿ ಹಾಕಿದಳು. ನಿಮ್ಮನ್ನು ಕರೆಯಲಿಲ್ಲ.

ಆ ಪುಟ ಇದರೊಳಗಿದೆ. ಅವಳು ಬರೆದದ್ದು ಇಷ್ಟು:

‘ನಾನು ಅಳಲಿಲ್ಲ. ನನಗೆ ಸಿಟ್ಟು ಬಂದಿತ್ತು. ಯಾರೂ ಬರಕೊಳ್ಳಲಿಲ್ಲ.’

ಒಂದಕ್ಷರವನ್ನೂ ಮುಟ್ಟಬೇಡಿ. ಪುಸ್ತಕವನ್ನು ಅವಳ ಮೇಜಿನ ಮೇಲೇ ಬಿಟ್ಟು ಬಂದಿದ್ದೇನೆ. ಇನ್ನು ಮೇಲೆ ಬೇಕಾದರೆ ಅವಳನ್ನೇ ಕೇಳಿ.

ಸ್ಟೆನೋ